ಅತ್ತೆಗೆ ಬಂದ ಸರ್ಕಾರದ ಸಬ್ಬಸಿಗೆ

ನಾನು ಕಂಪ್ಲಿಯಿಂದ ಕಮಲಾಪುರಕ್ಕೆ ಸೊಸೆಯಾಗಿ ಬಂದದ್ದು ಯುದ್ಧದ ಕಾಲದಲ್ಲಿ. ಯುದ್ಧ ಎಲ್ಲೋ ಸಮುದ್ರದಾಚೆ ನಡೆಯುತ್ತಿತ್ತು. ನಮ್ಮ ಓಣಿಯವರಿಗೆ ಅದರ ಗುರುತು ಸಿಗುತ್ತಿದ್ದದ್ದು ಅಂಗಡಿಯಲ್ಲಿ ಸೀಮೆಎಣ್ಣೆ ಇಲ್ಲ ಅಂದಾಗ, ಇಲ್ಲವೆ ಸೀರೆ ಕೊಳ್ಳಲು ಹೋದವರು ಬರಿಗೈಯಲ್ಲಿ ತಿರುಗಿ ಬಂದಾಗ. ಅಂಥದ್ದರಲ್ಲಿ ಒಂದು ಬೇಸಿಗೆ, ಹೊಸಪೇಟೆ ಕಡೆಯಿಂದ ಸೈಕಲ್ ತುಳಿದುಕೊಂಡು ಒಬ್ಬ ಅಧಿಕಾರಿ ಬಂದರು. ದೇಶದಲ್ಲಿ ಕಾಳು ಸಾಲದು, ಎಲ್ಲರೂ ಹೆಚ್ಚು ಬೆಳೆಯಬೇಕು, ಬೆಳೆಯುವವರಿಗೆ ಸರ್ಕಾರ ಹಣ ಕೊಡುತ್ತದೆ ಎಂದು ಹೇಳಲು ಬಂದವರು. ಸರ್ಕಾರ ಕಂದಾಯ ತೆಗೆದುಕೊಳ್ಳುವುದನ್ನು ಮಾತ್ರ ಕಂಡಿದ್ದ ಊರು ಅವರ ಮಾತು ಕೇಳಿ ನಕ್ಕು ಬೀಡಿ ಹಚ್ಚಿತು.

ಅವರು ವ್ಯವಸಾಯ ಇಲಾಖೆಯವರು. ಕಡಪಾ ಕಡೆಯ ತರುಣ. ಕೆಲಸದ ಹೆಸರು ಇಂಗ್ಲಿಷಿನಲ್ಲಿ ಏನೋ ಉದ್ದವಾಗಿತ್ತು, ಓಣಿಯವರ ನಾಲಿಗೆ ಅದಕ್ಕೆ ಹೊರಳಲಿಲ್ಲ. ಮಾತೆತ್ತಿದರೆ ಗೊಬ್ಬರ ಅನ್ನುತ್ತಿದ್ದರಿಂದ ಎಲ್ಲರೂ ಅವರನ್ನು ಗೊಬ್ಬರದ ಸಾಹೇಬರು ಎಂದು ಕರೆದರು. ಅವರು ಅದಕ್ಕೆ ಬೇಸರಪಟ್ಟುಕೊಳ್ಳಲಿಲ್ಲ.

ನಮ್ಮ ಮನೆಯಲ್ಲಿ ಮಾವ, ಅತ್ತೆ, ನನ್ನ ಗಂಡ, ನಾನು. ಗಂಡ ಹೊಸಪೇಟೆಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದರು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಹಾಗಾಗಿ ನನ್ನ ದಿನವೆಲ್ಲ ಕಳೆಯುತ್ತಿದ್ದದ್ದು ಅತ್ತೆ ಮಾವಂದಿರ ನಡುವೆ. ಅವರಿಬ್ಬರೂ ಕೆಟ್ಟವರಲ್ಲ, ಜಗಳಗಂಟರೂ ಅಲ್ಲ. ಆದರೆ ಮಾವ ಇವತ್ತು ಮಳೆ ಬರುತ್ತದೆ ಅಂದರೆ ಅತ್ತೆ ಆ ದಿನವೇ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದರು. ಮಳೆ ಬಂದರೆ ಹಪ್ಪಳ ತೆಗೆಯಲು ಓಡಬೇಕಾದವಳು ನಾನು. ಬರದಿದ್ದರೆ ಮಾವನ ಮುಖ ನೋಡಬೇಕಾದವಳೂ ನಾನೇ.

ಜಮೀನಿನಲ್ಲಿ ಹೆಚ್ಚಿನದು ಮಾವನ ಹೆಸರಿನಲ್ಲಿತ್ತು. ಕಾಲುವೆಯ ಕೆಳಗಿನ ಒಂದು ಗದ್ದೆ ಮಾತ್ರ ಅತ್ತೆಯದು. ಮದುವೆಯಲ್ಲಿ ಅವರ ಅಪ್ಪ ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು, ಪಟ್ಟಾ ಕೂಡ ಅವರ ಹೆಸರಿನಲ್ಲೇ. ಅತ್ತೆ ಅದನ್ನು 'ನನ್ನ ಗದ್ದಿ' ಅನ್ನುತ್ತಿದ್ದರು. ಆ 'ನನ್ನ' ಎಂಬ ಮಾತಿಗೆ ಅವರು ಕೊಡುತ್ತಿದ್ದ ಒತ್ತು ಹಿತ್ತಲಿನವರೆಗೂ ಕೇಳಿಸುತ್ತಿತ್ತು.

ಆ ದಿನ ಸಂಜೆ ಮಾವ ಚಾವಡಿಯಿಂದ ಬಂದವರು ಪಡಸಾಲೆಯಲ್ಲಿ ಕುಳಿತು ಎರಡು ಚೊಂಬು ನೀರು ಕುಡಿದರು. ಏನೋ ಮಾಡಿಕೊಂಡು ಬಂದಿದ್ದಾರೆ ಎಂದು ಅತ್ತೆಗೆ ನೀರು ಕುಡಿದ ರೀತಿಯಲ್ಲೇ ಗೊತ್ತಾಯಿತು.

"ಏನಾತ್ರಿ?" ಅಂದರು.

"ಏನಿಲ್ಲ. ಆ ಗೊಬ್ಬರದ ಸಾಹೇಬ್ರು ಭಾಳ ಹೊತ್ತು ಮಾತಾಡಿದ್ರು. ಒಬ್ರೂ ಹೂಂ ಅನ್ನಲಿಲ್ಲ. ಅಷ್ಟು ದೂರದಿಂದ ಸೈಕಲ್ ತುಳಕೊಂಡು ಬಂದಾರ, ಪಾಪ. ಅದಕ್ಕ ನಾನು ಹೂಂ ಅಂದೆ."

"ಯಾವುದಕ್ಕ?"

"ಕಾಲುವಿ ಕೆಳಗಿನ ಗದ್ದಿಗೆ."

ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟರು. "ನನ್ನ ಗದ್ದಿಗೆ ನೀವು ಹೂಂ ಅಂದ್ರ್ಯಾ? ನಿಮ್ಮ ಹೊಲ ಎಲ್ಲಾ ಎಲ್ಲಿ ಹೋಗಿದ್ವು?"

"ಕಾಲುವಿ ನೀರು ಇರೋ ಗದ್ದೀನೇ ಬೇಕಂತ. ಸುಮ್ಮನ ಅಲ್ಲ, ಸರಕಾರ ಸಬ್ಸಿಡಿ ಕೊಡತೈತಿ."

"ಸಬ್ಬಸಿಗಿ?" ಅತ್ತೆ ನನ್ನ ಕಡೆ ತಿರುಗಿದರು. "ನಮ್ಮ ಹಿತ್ತಲಾಗ ಸಬ್ಬಸಿಗಿ ದನಾ ತಿನ್ನೋವಷ್ಟು ಬೆಳದು ನಿಂತೈತಿ. ಸರಕಾರಕ್ಕ ಅಷ್ಟು ಕಷ್ಟ ಬಂದಿದ್ರ ಒಂದು ಕಟ್ಟು ಒಯ್ಯಾಕ ಹೇಳವಾ."

ನಾನು ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದೆ. ಮಾವ ಎಷ್ಟು ಬಿಡಿಸಿ ಹೇಳಿದರೂ ಆ ಪದ ಅತ್ತೆಯ ಬಾಯಲ್ಲಿ ಸಬ್ಬಸಿಗಿಯಾಗಿಯೇ ಉಳಿಯಿತು. ನಾಲ್ಕು ದಿನದಲ್ಲಿ ಇಡೀ ಓಣಿ ಹಾಗೇ ಅನ್ನತೊಡಗಿತು. ಕೊನೆಗೆ ಮಾವನೂ ಒಂದು ಸಲ ಚಾವಡಿಯಲ್ಲಿ ಬಾಯಿ ತಪ್ಪಿ ಸಬ್ಬಸಿಗಿ ಅಂದರಂತೆ. ಯಾರೂ ತಿದ್ದಲಿಲ್ಲವಂತೆ.

ಒಪ್ಪಿಗೆಯ ಹೆಬ್ಬೆಟ್ಟು ಒತ್ತುವ ಮೊದಲು ಆ ಸಾಹೇಬರೇ ಮನೆಗೆ ಬಂದು ತನಗೆ ಹೇಳಬೇಕು ಎಂದು ಅತ್ತೆ ಪಟ್ಟು ಹಿಡಿದರು. ಸಾಹೇಬರು ಬಂದರು. ತಲೆಯ ಮೇಲೆ ಬುಟ್ಟಿಯಂಥ ಟೋಪಿ, ಬೆವರಿಗೆ ಬೆನ್ನಿಗಂಟಿದ ಅಂಗಿ. ಪಡಸಾಲೆಯ ಕಂಬಳಿಯ ಮೇಲೆ ಕುಳಿತು ಮಾವನನ್ನು ಕೇಳಿದರು:

"ಯಜಮಾನಿ ಎಲ್ಲಿದೆ? ಒಪ್ಪಿಕೊಂಡಿತಾ?"

ತೆಲುಗಿನವರು ಹೊಸದಾಗಿ ಕನ್ನಡ ಕಲಿತರೆ ಹೀಗಾಗುವುದುಂಟು. ಅವರ ಭಾಷೆಯಲ್ಲಿ ಹೆಂಗಸು ಬಂದರೂ ಹಸು ಬಂದರೂ ಕ್ರಿಯಾಪದಕ್ಕೆ ಒಂದೇ ಬಾಲ. ನಮಗೆ ಅದು ಗೊತ್ತಿದ್ದರೂ ಅತ್ತೆ ಬಿಡಬೇಕಲ್ಲ. ಬಾಗಿಲ ಮರೆಯಿಂದ ದನಿ ಬಂತು.

"ಎಮ್ಮಿ ಕೊಟ್ಟಿಗ್ಯಾಗ ಐತ್ರಿ ಸಾಹೇಬ್ರ. ಗದ್ದಿ ಒಡತಿ ಇಲ್ಲಿ ನಿಂತಾಳ."

ಸಾಹೇಬರ ಮುಖ ಕೆಂಪಾಯಿತು. ಎದ್ದು ನಿಂತು ಕೈ ಮುಗಿದರು. "ತಪ್ಪಾಯಿತಮ್ಮಾ. ನಮ್ಮ ಕಡೆ ಹೆಂಗಸರಿಗೆ ಹಾಗೇ ಅನ್ನುತ್ತಾರೆ."

"ಇರಲಿ ಕುಂದ್ರಿ. ಏನು ಮಾಡಬೇಕಂತೀರಿ ನನ್ನ ಗದ್ದಿಗೆ? ನನಗ ಹೇಳ್ರಿ."

"ಸೆಣಬು ಬಿತ್ತಬೇಕು. ಬೀಜ ನಾವೇ ಅರ್ಧ ಬೆಲೆಗೆ ಕೊಡುತ್ತೇವೆ."

"ಹಗ್ಗದ ಸಣಬು? ಬಿತ್ತಿದೆ ಅನ್ರಿ. ಮುಂದ?"

"ಎದೆ ಮಟ್ಟ ಬೆಳೆಯುತ್ತದೆ. ಹೂವು ಬಿಡುತ್ತದೆ."

"ಬಿಡ್ಲಿ."

"ಆಗ ನೀರು ಕಟ್ಟಿ, ಗಿಡ ಎಲ್ಲಾ ಕೆಡವಿ ಕೆಸರಲ್ಲಿ ತುಳಿದುಬಿಡಬೇಕು."

ಬಾಗಿಲ ಮರೆಯಲ್ಲಿ ನಾನು ಅತ್ತೆಯ ಪಕ್ಕದಲ್ಲೇ ನಿಂತಿದ್ದೆ. ಅವರು ತಾನು ಕೇಳಿದ್ದು ಸರಿಯೇ ಎಂದು ನನ್ನ ಮುಖ ನೋಡಿದರು.

"ಹೂವು ಬಿಟ್ಟಿದ್ದನ್ನ?"

"ಹೌದಮ್ಮಾ."

"ತುಳದ ಮ್ಯಾಲೆ ನಾ ಏನು ತಿನ್ನಲಿ?"

"ಅದು ಕೊಳೆತು ಗೊಬ್ಬರವಾಗುತ್ತದೆ, ಮೊದಲು ಗದ್ದೆ ತಿನ್ನುತ್ತದೆ ಅಮ್ಮಾ. ಆಮೇಲೆ ಬತ್ತ ನಾಟಿ ಮಾಡಿದರೆ ನೀವು ತಿನ್ನುತ್ತೀರಿ. ತುಳಿದದ್ದನ್ನು ನಾನು ಕಣ್ಣಿಂದ ನೋಡಿ ಬರೆದುಕೊಟ್ಟರೆ ಸರ್ಕಾರ ನಿಮಗೆ ಹಣ ಕೊಡುತ್ತದೆ."

"ಅಂದ್ರ ಇಷ್ಟು ವರ್ಷ ನನ್ನ ಗದ್ದಿ ಉಪವಾಸ ಇತ್ತೇನು?" ಅತ್ತೆ ಈಗ ಬಾಗಿಲ ಮರೆ ಬಿಟ್ಟು ಹೊರಗೇ ಬಂದಿದ್ದರು. "ನಿಮ್ಮವ್ವಗ ಹೊಲ ಐತೇನು ತಮ್ಮಾ?"

"ಇದೆ ಅಮ್ಮಾ."

"ಅಲ್ಲಿ ಹಿಂಗ ಮಾಡೀಯೇನು?"

"ಮಾಡಿದೆ."

"ಏನಂದ್ಲು ನಿಮ್ಮವ್ವ?"

ಸಾಹೇಬರು ಟೋಪಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದರು. "ಅವರು ತವರುಮನೆಗೆ ಹೋಗಿದ್ದಾಗ ಮಾಡಿದೆ."

ಅತ್ತೆ ನಕ್ಕದ್ದನ್ನು ಆವತ್ತು ನಾನು ಮೊದಲ ಸಲ ನೋಡಿದೆ. ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಂದ ಮ್ಯಾಲೆ?"

"ನಾಲ್ಕು ತಿಂಗಳು ಮಾತಾಡಲಿಲ್ಲ. ಬತ್ತ ಕಟಾವಾದ ಮೇಲೆ ಮಾತಾಡಿದರು. ಈಗ ಪ್ರತಿ ವರ್ಷ ಅವರೇ ಬಿತ್ತಿಸುತ್ತಾರೆ. ಆ ಹೂವು, ಬೇಳೆ ಹಾಕಿ ಪಪ್ಪು ಕೂಡ ಮಾಡುತ್ತಾರೆ, ಬಹಳ ಚೆನ್ನಾಗಿರುತ್ತದೆ."

ಆ ಕೊನೆಯ ಮಾತನ್ನು ಅವರು ಆಡಬಾರದಿತ್ತು. ಅದರ ಫಲ ಆಮೇಲೆ ಅವರೇ ಉಂಡರು.

"ನಾನು ಎಲ್ಲೂ ಹೋಗಂಗಿಲ್ಲ ನೋಡು ತಮ್ಮಾ. ನನ್ನ ಕಣ್ಣ ಎದುರಿಗೇ ಆಗಬೇಕು, ನಾ ಹೇಳಿದ ದಿನಾನೇ ಆಗಬೇಕು," ಎಂದು ಹೇಳಿ ಅತ್ತೆ ನನ್ನನ್ನು ಕರೆದರು. ನಾನು ಕಂಪ್ಲಿಯಲ್ಲಿ ಐದನೆಯ ತರಗತಿಯವರೆಗೆ ಓದಿದ್ದೆ, ಆ ಮನೆಯಲ್ಲಿ ಅದೇ ದೊಡ್ಡ ಓದು. ಸಾಹೇಬರು ತಂದಿದ್ದ ಒಪ್ಪಿಗೆಯ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿದೆ.

"ಸಬ್ಬಸಿಗಿ ಅಂತ ಎಲ್ಲಿ ಬರದಾರ, ತೋರಿಸು."

"ಇಲ್ಲಿ ಸಹಾಯಧನ ಅಂತ ಐತ್ರಿ ಅತ್ತಿ."

"ಸಬ್ಬಸಿಗಿ ಅಂತ ಇಲ್ಲಾ?" ಅವರಿಗೆ ನಿರಾಸೆಯೇ ಆಯಿತು. ಆದರೂ ಹೆಬ್ಬೆಟ್ಟು ಒತ್ತಿದರು. ಒತ್ತಿದ ಮೇಲೆ ಬೆರಳಿನ ಮಸಿಯನ್ನು ಕಂಬಕ್ಕೆ ಒರೆಸಿದರು. ಕಂಬ ಒರೆಸಿದವಳು ನಾನು.

ಸೆಣಬು ಬಿತ್ತಿದ ಸುದ್ದಿ ಕೇಳಿ ಓಣಿಯವರಿಗೆ ಹಬ್ಬವಾಯಿತು. ಎದುರು ಮನೆಯಾಕೆ ಸೊಂಟಕ್ಕೆ ಕೊಡ ಇಟ್ಟುಕೊಂಡು ಬಂದು ನಿಂತು, "ಏನಕ್ಕಾ, ಬೆಳಿ ತುಳದ್ರ ಸರಕಾರ ರೊಕ್ಕ ಕೊಡತೈತಂತ? ನಮ್ಮ ಮನಿ ಹುಡುಗರು ದಿನಾ ಹಿತ್ತಲ ತುಳದು ಹಾಳು ಮಾಡ್ತಾವ. ಅವುಕ್ಕೂ ಬರಕೊಳ್ಳಾಕ ಹೇಳು," ಅಂದಳು. ಅತ್ತೆ, "ಮೊದಲು ಹಿತ್ತಲ ಪಟ್ಟಾ ನಿನ್ನ ಹೆಸರಿಗೆ ಮಾಡಿಸಿಕೊಂಡು ಬಾ," ಎಂದು ಬಾಯಿ ಮುಚ್ಚಿಸಿದರು.

ಕಾಲುವೆಯಲ್ಲಿ ನೀರು ಬಿಟ್ಟರು. ಒಂದೆರಡು ಮಳೆಯೂ ಬಿತ್ತು. ಆ ಸೆಣಬು ಬೆಳೆದ ಪರಿ ಹೇಳುತ್ತೇನೆ. ಮೊದಲು ಮೊಣಕಾಲಿಗೆ ಬಂತು. ತವರಿಗೆ ಹೋಗಿ ಬಂದು ನೋಡುತ್ತೇನೆ, ಎದೆಗೆ ಬಂದಿದೆ. ಆಮೇಲೆ ನನ್ನ ತಲೆ ದಾಟಿತು. ಸುತ್ತಲಿನ ಬಾಳೆತೋಟದವರು ದಾರಿಯಲ್ಲಿ ನಿಂತು ನೋಡುವಂತಾಯಿತು. ಒಂದು ಬೆಳಿಗ್ಗೆ ಗದ್ದೆಯ ತುಂಬ ಹಳದಿ ಹೂವು. ಗಾಳಿ ಬೀಸಿದರೆ ಇಡೀ ಗದ್ದೆ ಹಳದಿ ಸೀರೆ ಜಾಡಿಸಿದ ಹಾಗೆ ಕಾಣುತ್ತಿತ್ತು. ಅತ್ತೆ ಬದುವಿನ ಮೇಲೆ ಕುಳಿತವರು ಊಟಕ್ಕೂ ಏಳಲಿಲ್ಲ. ಅವರ ಅಪ್ಪ ಕೊಟ್ಟ ಗದ್ದೆಯಲ್ಲಿ ಅಲ್ಲಿಯವರೆಗೆ ಬತ್ತ, ಒಮ್ಮೊಮ್ಮೆ ಕಬ್ಬು ಬೆಳೆದದ್ದುಂಟು. ಹೂವು ಬೆಳೆದದ್ದಿರಲಿಲ್ಲ.

ಮರುದಿನ ಅವರು ಸಾಹೇಬರ ಮಾತನ್ನು ನೆನಪು ಮಾಡಿಕೊಂಡು ಮೊಗ್ಗು ಬಿಡಿಸಿ ತಂದರು. ಬೇಯಿಸಿ, ಹಿಂಡಿ, ತೊಗರಿಬೇಳೆ, ಹಸಿಮೆಣಸಿನಕಾಯಿ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರು. ಜೋಳದ ರೊಟ್ಟಿಯ ಜೊತೆ ಅದು ಎಷ್ಟು ರುಚಿಯಾಗಿತ್ತೆಂದರೆ ಮಾವ ಮೂರು ಸಲ ಬಡಿಸಿಕೊಂಡರು. ಚೆನ್ನಾಗಿದೆ ಎಂದು ಮಾತ್ರ ಅನ್ನಲಿಲ್ಲ. ಅಂದಿದ್ದರೆ ಮರುದಿನ ಆ ಪಲ್ಯ ಸಿಗುತ್ತಿರಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಎದುರು ಮನೆಯಾಕೆಗೆ ವಾಸನೆ ಹೋಯಿತು. ಅವಳಿಗೆ ಒಂದು ಬಟ್ಟಲು ಕೊಟ್ಟದ್ದೇ ತಡ, ಓಣಿಯ ಹೆಂಗಸರೆಲ್ಲ ಬೆಳಗಾದರೆ ಉಡಿಯಲ್ಲಿ ಮೊಗ್ಗು ತುಂಬಿಕೊಳ್ಳಲು ನಮ್ಮ ಗದ್ದೆಗೆ ಬರತೊಡಗಿದರು. ಅತ್ತೆ ಬದುವಿನ ಮೇಲೆ ನಿಂತು, ಇಂಥವಳು ಈ ಸಾಲಿನಿಂದ ಬಿಡಿಸಿಕೊಳ್ಳಲಿ, ಅಂಥವಳು ಆ ಮೂಲೆಗೆ ಹೋಗಲಿ ಎಂದು ಅಪ್ಪಣೆ ಕೊಡುತ್ತಿದ್ದರು. ಆ ದಿನಗಳಲ್ಲಿ ಅವರ ನಡಿಗೆಯೇ ಬೇರೆಯಾಗಿತ್ತು.

ಇತ್ತ ತುಳಿಯುವ ಹೊತ್ತು ಬಂದಿತ್ತು. ಸಾಹೇಬರು ಹೊಸಪೇಟೆಯಿಂದ ಸೈಕಲ್ ಮೇಲೆ ಬಂದರು.

"ಇವತ್ತು ಸೋಮವಾರ ತಮ್ಮಾ. ಎತ್ತು ಹೂಡಂಗಿಲ್ಲ," ಅಂದರು ಅತ್ತೆ. "ಬಿಸಿಲಾಗ ಬಂದೀ, ಉಂಡು ಹೋಗು." ಸೆಣಬಿನ ಹೂವಿನ ಪಲ್ಯ, ರೊಟ್ಟಿ, ಮಜ್ಜಿಗೆ. ಸಾಹೇಬರು ತವರು ಕಂಡವರ ಹಾಗೆ ಉಂಡು ಹೋದರು.

ಮತ್ತೆ ಬಂದರು. ಅಮಾವಾಸ್ಯೆ. ಮತ್ತೆ ಪಲ್ಯ.

ಮೂರನೆಯ ಸಲ ಬಲಗಡೆಯ ಎತ್ತಿನ ಗೊರಸಿಗೆ ನೋವಾಗಿದೆ ಅಂದರು. ಆ ಎತ್ತು ಅಂಗಳದಲ್ಲಿ ನಾಲ್ಕು ಕಾಲೂ ಗಟ್ಟಿಯಾಗಿ ಊರಿ ನಿಂತಿತ್ತು. ಸಾಹೇಬರು ಎತ್ತನ್ನು ನೋಡಿದರು, ಅತ್ತೆಯನ್ನು ನೋಡಿದರು, ತಟ್ಟೆಯ ಮುಂದೆ ಕುಳಿತರು. ತಾನು ತುಳಿಸಲು ಬಂದ ಬೆಳೆಯನ್ನು ತಾನೇ ತಿಂದು ಹೋಗುವ ಅಧಿಕಾರಿಯನ್ನು ಆಗ ನಮ್ಮನ್ನಾಳುತ್ತಿದ್ದ ಮದ್ರಾಸಿನ ಸರ್ಕಾರ ಬೇರೆ ಎಲ್ಲಿಯೂ ಇಟ್ಟಿರಲಿಕ್ಕಿಲ್ಲ. ಹೋಗುವಾಗ ಮಾವನಿಗೆ ಮೆಲ್ಲಗೆ, "ಯಜಮಾನರೇ, ದಂಟು ಗಟ್ಟಿಯಾಗುತ್ತಿದೆ. ಇನ್ನು ತಡ ಮಾಡಿದರೆ ಮಣ್ಣಲ್ಲಿ ಕೊಳೆಯುವುದಿಲ್ಲ, ನಾನೂ ಬರೆದುಕೊಡಲು ಆಗುವುದಿಲ್ಲ," ಅಂದರು.

ಮಾವನಿಗೆ ಕೈಕಾಲು ಆಡಲಿಲ್ಲ. ಚಾವಡಿಯಲ್ಲಿ ಹೂಂ ಅಂದವರು ಅವರು. ಅದೇ ಹೊತ್ತಿಗೆ ಮರಿಯಮ್ಮನಹಳ್ಳಿಯಿಂದ ಹಗ್ಗ ಹೊಸೆಯುವವನೊಬ್ಬ ಬಂದು, ಬೆಳೆಯನ್ನು ಹಾಗೇ ಬಿಟ್ಟರೆ ನಾರಿಗೆ ಒಳ್ಳೆಯ ಬೆಲೆ ಕೊಡುವುದಾಗಿ ಹೇಳಿದ. ಅತ್ತೆ ಅವನಿಗೂ ಪಲ್ಯ ಬಡಿಸಿದರು. ಆಗಲಿ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ.

ನಾನು ಬಣವೆಯ ಹಿಂದೆ ಮೇವು ಎಳೆಯುತ್ತಿದ್ದಾಗ ಮಾವ ಬಂದು ನಿಂತರು. ನನ್ನ ಹತ್ತಿರ ಅವರು ಹೆಚ್ಚು ಮಾತಾಡುವವರಲ್ಲ.

"ಏನವಾ, ನಿಮ್ಮತ್ತೀಗೆ ಹೆಂಗ ಹೇಳಬೇಕು?"

ನಾನು ತಲೆ ತಗ್ಗಿಸಿಕೊಂಡು, "ಮಾವಾರ, ನೀವು ತುಳಿಬೇಕು ಅನ್ನಬ್ಯಾಡ್ರಿ. ಹಗ್ಗದವನಿಗೆ ಕೊಟ್ಟುಬಿಡೋಣು ಅನ್ರಿ," ಅಂದೆ.

ಅವರು ಕ್ಷಣ ಹೊತ್ತು ನನ್ನನ್ನೇ ನೋಡಿ, ಮೀಸೆಯ ಕೆಳಗೆ ನಕ್ಕು ಹೋದರು.

ಅಂದು ಊಟದ ಹೊತ್ತಿಗೆ ಗಂಟಲು ಸರಿಮಾಡಿಕೊಂಡು, "ನಾ ವಿಚಾರ ಮಾಡಿದೆ. ತುಳಿಯೂದು ಬ್ಯಾಡ. ಹಗ್ಗದವನಿಗೆ ಕೊಟ್ಟುಬಿಡೋಣು," ಅಂದರು. ಪಾಠ ಒಪ್ಪಿಸಿದ ಹಾಗಿತ್ತು.

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಾಳೆ ಎತ್ತು ಹೂಡ್ರಿ. ತುಳಿಸೋಣು."

ಮಾವ ನನ್ನ ಕಡೆ ಕಣ್ಣು ಹಾಯಿಸಿದರು. ನಾನು ಹಿಗ್ಗಿನಿಂದ ಉಬ್ಬಿದೆ. ಅಷ್ಟರಲ್ಲಿ ಅತ್ತೆ ರೊಟ್ಟಿಯನ್ನು ಹೆಂಚಿಗೆ ಹಾಕುತ್ತ ಹೇಳಿದರು:

"ಮಾವ ಸೊಸಿ ಇಬ್ರೂ ಬಣವಿ ಹಿಂದ ಪಿಸಿಪಿಸಿ ಅಂದ್ರ ಬಣವಿಗೆ ಕಿವಿ ಇಲ್ಲ ಅಂದಕೊಂಡೀರೇನು? ಈ ಕಡೆ ನಾ ಸಗಣಿ ಹಾಕಾಕ ಬಂದಿದ್ದೆ. ನಿಮ್ಮ ಆಟಕ್ಕ ಅಲ್ಲ ನಾ ತುಳಿಸಾಕ ಹೊಂಟಿದ್ದು. ನಿನ್ನಿಯಿಂದ ಹೂವು ಕಹಿ ಆಗ್ಯಾವ. ಇನ್ನ ಇಟ್ಟು ಏನು ಮಾಡೂದು?"

ನನ್ನ ಹಿಗ್ಗು ಅಲ್ಲೇ ಇಳಿಯಿತು. ಮಾವ ಮಜ್ಜಿಗೆ ಬೇಡದಿದ್ದರೂ ಬಡಿಸಿಕೊಂಡರು.

ಗದ್ದೆಗೆ ನೀರು ಕಟ್ಟಿದರು. ಹೊಸಪೇಟೆಗೆ ಹೇಳಿ ಕಳಿಸಿದ್ದರಿಂದ ಸಾಹೇಬರು ಬೆಳಿಗ್ಗೆಯೇ ಹಾಜರಾದರು. ಮಾವ ಎತ್ತು ಹೂಡಿ ಗಿಡ ಕೆಡವಲು ಕೊರಡು ಕಟ್ಟಿದರು. ಎತ್ತುಗಳು ನಾಲ್ಕು ಹೆಜ್ಜೆ ಹೋದವು, ನಿಂತವು, ಎಡಬಲಕ್ಕೆ ಬಾಯಿ ಹಾಕಿ ಮೇಯತೊಡಗಿದವು. ಬಾರುಕೋಲು ಎತ್ತಿದರೆ ಇನ್ನೆರಡು ಹೆಜ್ಜೆ, ಮತ್ತೆ ಮೇವು. ಎತ್ತಿಗೆ ಆ ಮನೆಯಲ್ಲಿ ಆವರೆಗೆ ಯಾರೂ ಅಂಥ ಊಟ ಬಡಿಸಿರಲಿಲ್ಲ. ಬಿದ್ದ ಗಿಡಗಳೂ ಕೊರಡು ದಾಟಿದ ಮೇಲೆ ಒಂದೊಂದಾಗಿ ತಲೆಯೆತ್ತಿ ನಿಂತವು.

ಸಾಹೇಬರಿಗೆ ತಡೆಯಲಾಗಲಿಲ್ಲ. ಬೂಟು ಬಿಚ್ಚಿ, ಪ್ಯಾಂಟು ಮಡಚಿ, ಟೋಪಿಯನ್ನು ಬದುವಿನ ಮೇಲಿಟ್ಟು, "ಹೀಗೆ ತುಳಿಯಬೇಕು, ಬುಡದಲ್ಲಿ ಕಾಲಿಟ್ಟು," ಎಂದು ತೋರಿಸಲು ಇಳಿದರು. ಕೆಸರು ಮೊಣಕಾಲಿಗಿತ್ತು. ಎರಡನೆಯ ಹೆಜ್ಜೆಗೆ ಕಾಲು ಸಿಕ್ಕಿಕೊಂಡು, ಸೆಣಬನ್ನು ತಬ್ಬಿಕೊಂಡೇ ಮುಗ್ಗರಿಸಿದರು. ಎದ್ದಾಗ ಮುಖದಲ್ಲಿ ಕಣ್ಣು, ಹಲ್ಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಕೆನ್ನೆಗೆ ಒಂದು ಹಳದಿ ಹೂವು ಅಂಟಿತ್ತು.

ತುಳಿಸುವುದನ್ನು ನೋಡಲು ಬಂದು ಬದುವಿನ ಮೇಲೆ ನಿಂತಿದ್ದ ಓಣಿಯ ಹೆಂಗಸರು ಹೋ ಎಂದು ನಕ್ಕರು. ಅತ್ತೆ ನಗಲಿಲ್ಲ. "ಹೆತ್ತವ್ವ ನೋಡಿದ್ರ ಏನಂದಾಳು ಈ ಹುಡುಗನ್ನ," ಎಂದು ಸೀರೆಯನ್ನು ಮೇಲೆ ಕಟ್ಟಿ ಗದ್ದೆಗೆ ಇಳಿದೇಬಿಟ್ಟರು. "ಇಷ್ಟು ದಿನಾ ಉಡಿ ತುಂಬಿಕೊಂಡು ಹೋದ್ರಲ್ಲ, ಈಗ ಎಲ್ಲಾರೂ ಇಳೀರಿ!" ಎಂದು ಕೂಗಿದರು. ಯಾರಿಗೂ ಇಲ್ಲ ಅನ್ನುವ ಧೈರ್ಯ ಬರಲಿಲ್ಲ, ಎಲ್ಲರ ಹೊಟ್ಟೆಯಲ್ಲೂ ಆ ಗದ್ದೆಯ ಪಲ್ಯವಿತ್ತು. ಎದುರು ಮನೆಯಾಕೆ ಮೊದಲು ಇಳಿದಳು. ನಾನೂ ಇಳಿದೆ. ಒಬ್ಬರ ತೋಳನ್ನೊಬ್ಬರು ಹಿಡಿದು ಸಾಲಾಗಿ ನಿಂತು ತುಳಿಯುತ್ತ ಹೋದೆವು. ನಾವು ಕೆಡವಿದ್ದರ ಮೇಲೆ ಮಾವ ಎತ್ತು ಹೊಡೆದರು. ದಂಟು ಲಟಲಟ ಮುರಿಯುತ್ತಿತ್ತು, ಕೆಸರು ಪಚಪಚ ಅನ್ನುತ್ತಿತ್ತು, ಯಾರೋ ಒಬ್ಬಾಕೆ ಪದ ಎತ್ತಿದಳು, ಉಳಿದವರು ಸೊಲ್ಲು ಹಿಡಿದರು. ಹೊತ್ತು ನೆತ್ತಿಗೆ ಬರುವ ಹೊತ್ತಿಗೆ ಹಳದಿ ಬಣ್ಣ ಎಲ್ಲೂ ಇರಲಿಲ್ಲ.

ಬದುವಿಗೆ ಹತ್ತಿದ ಮೇಲೆ ಅತ್ತೆ ಸುಮ್ಮನೆ ನಿಂತು ಗದ್ದೆ ನೋಡಿದರು. ನಾನು ಪಕ್ಕಕ್ಕೆ ಹೋದೆ. "ಭಾಳ ಚಂದ ಇತ್ತಲ್ಲವಾ," ಅಂದರು, ಅಷ್ಟೇ. ಆಮೇಲೆ ಸಾಹೇಬರ ಕಾಲು ತೊಳೆಯಲು ನೀರು ತರಲಿಲ್ಲವೆಂದು ನನ್ನನ್ನು ಗದರಿದರು.

ಹಣ ಬಂದಿದೆ, ಪಟ್ಟಾದಾರರೇ ಹೊಸಪೇಟೆಯ ಕಚೇರಿಗೆ ಬಂದು ತೆಗೆದುಕೊಳ್ಳಬೇಕು ಎಂದು ಹೇಳಿ ಕಳಿಸಿದ್ದು ನಾಟಿಯೆಲ್ಲ ಮುಗಿದ ಮೇಲೆ. ಅತ್ತೆ ಅಲ್ಲಿಯವರೆಗೆ ಕಚೇರಿಯ ಮೆಟ್ಟಿಲು ತುಳಿದವರಲ್ಲ. ಮದುವೆಯ ಸೀರೆ ಉಟ್ಟು, ಹಣೆಗೆ ವಿಭೂತಿ, ಕುಂಕುಮ ಇಟ್ಟು ಗಾಡಿ ಹತ್ತಿದರು. ಕಾಗದ ಓದಿ ಹೇಳಲು ನಾನು ಬೇಕಿತ್ತು, ಗಾಡಿ ಹೊಡೆಯಲು ಮಾವ. ದಾರಿಯುದ್ದಕ್ಕೂ ಬಾಳೆಕಾಯಿ ಹೇರಿದ ಗಾಡಿಗಳವರು, "ಎಲ್ಲಿಗೆ ಹೊಂಟೀರಿ?" ಎಂದು ಕೇಳುವರು. ಅತ್ತೆ ಒಬ್ಬರನ್ನೂ ಬಿಡದೆ, "ಸರಕಾರ ಕರದೈತಿ," ಎಂದು ಹೇಳುತ್ತ ಬಂದರು.

ಕಚೇರಿಯಲ್ಲಿ ಮೇಜಿನ ಹಿಂದೆ ಕನ್ನಡಕದ ಗುಮಾಸ್ತರೊಬ್ಬರು ಇದ್ದರು. ನಮ್ಮ ಸಾಹೇಬರು ಪಕ್ಕದಲ್ಲಿ ನಿಂತಿದ್ದರು. ಗುಮಾಸ್ತರು ಅತ್ತೆಯ ಹೆಸರು ಕೇಳಿದರು, ಊರು ಕೇಳಿದರು, ಅಪ್ಪನ ಹೆಸರು ಕೇಳಿದರು. ಎಲ್ಲಕ್ಕೂ ಅತ್ತೆ ಗದ್ದೆಯ ಬದುವಿನ ಮೇಲೆ ನಿಂತ ದನಿಯಲ್ಲೇ ಉತ್ತರ ಕೊಟ್ಟರು.

"ಗಂಡನ ಹೆಸರು?"

ಅತ್ತೆ ಬಾಯಿ ಮುಚ್ಚಿದರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಹೆಂಗಸು ನಮ್ಮ ಕಡೆ ಆಗ ಇರಲಿಲ್ಲ. ನನ್ನ ಕಡೆ ನೋಡಿದರು. ನಾನಾದರೂ ಮಾವನ ಹೆಸರು ಹೇಗೆ ಹೇಳಲಿ? ಈ ಬರಹದಲ್ಲೂ ಹೇಳಿಲ್ಲ, ನೀವು ಗಮನಿಸಿರಬಹುದು.

"ನಾನ ಹೇಳತೇನ್ರಿ," ಎಂದು ಮಾವ ಮುಂದೆ ಬಂದರು.

"ನೀವಲ್ಲ. ಹಣ ತಗೊಳ್ಳೋರು ಹೇಳಬೇಕು. ಇವರೇ ಪಟ್ಟಾದಾರರು ಅಂತ ನನಗೆ ಹೆಂಗ ಗೊತ್ತಾಗಬೇಕು?"

"ಇಲ್ಲೇ ನಿಂತಾರಲ್ರಿ," ಅತ್ತೆ ಮಾವನ ಕಡೆ ಕೈ ತೋರಿಸಿದರು. "ಕಣ್ಣಿಂದ ನೋಡಿ ಬರಕೋರಿ."

"ಅಮ್ಮಾ, ಹೆಸರು ಹೇಳಿದರೆ ಹಣ. ಇಲ್ಲದಿದ್ದರೆ ನಾಳೆ ಬನ್ನಿ."

"ನಾಳೆ ಏನು ಇವರ ಹೆಸರು ಬ್ಯಾರೆ ಆಗತೈತೇನು?"

ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. ಹಿಂದೆ ನಿಂತಿದ್ದ ರೈತರು ಹತ್ತಿರ ಸರಿದರು. ನನಗೆ ಆಗ ಹೊಳೆಯಿತು. ಅತ್ತೆಯ ಕಿವಿಯ ಹತ್ತಿರ ಹೋಗಿ, "ಅತ್ತಿ, ಒಡಪು ಹಾಕಿ ಹೇಳ್ರಿ," ಅಂದೆ. ಮದುವೆ ಮನೆಗಳಲ್ಲಿ ಹೆಂಗಸರು ಗಂಡನ ಹೆಸರನ್ನು ಪದ್ಯದಲ್ಲಿ ಸೇರಿಸಿ ಹೇಳುವುದಕ್ಕೆ ಒಡಪು ಅನ್ನುತ್ತಾರೆ. ಬರಿದೆ ಹೇಳಬಾರದ ಹೆಸರನ್ನು ಒಡಪಿನಲ್ಲಿ ಹೇಳಬಹುದು.

ಅತ್ತೆ ಸೆರಗು ಸರಿಮಾಡಿಕೊಂಡರು.

"ಹೂವು ಬಿಟ್ಟ ಬೆಳಿ ತುಳದು ಗದ್ದಿಗೆ ಗೊಬ್ಬರ ಮಾಡೀನಿ,
ಕಚೇರಿ ಮೆಟ್ಟಲಾ ಹತ್ತಿ ಸಬ್ಬಸಿಗಿ ಬೇಡೀನಿ,
ಕನ್ನಡಕದ ಸಾಹೇಬ್ರ ಮುಂದ ನಾಚಿಕಿ ಬಿಟ್ಟು..."

ಎಂದು ಎಳೆದು, ಮಾವನ ಹೆಸರು ಸೇರಿಸಿ, "...ಅವರ ಹೆಸರು ಹೇಳೀನಿ!" ಎಂದು ಮುಗಿಸಿದರು.

ರೈತರು ಚಪ್ಪಾಳೆ ತಟ್ಟಿದರು. ಜವಾನ ಬಾಗಿಲಲ್ಲಿ ನಿಂತು ಹಲ್ಲು ಕಿಸಿದ. ನಮ್ಮ ಸಾಹೇಬರಿಗೆ ಪದ್ಯ ಪೂರ್ತಿ ತಿಳಿಯದಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕರು. ಮಾವ ಮಾತ್ರ ಹೊಸ ಮದುಮಗನ ಹಾಗೆ ನೆಲ ನೋಡುತ್ತ ನಿಂತುಬಿಟ್ಟರು. ತನ್ನ ಹೆಸರು ಹೆಂಡತಿಯ ಬಾಯಲ್ಲಿ ಬಂದದ್ದನ್ನು ಮದುವೆಯಾದ ಮೇಲೆ ಅವರು ಕೇಳಿದ್ದು ಅದೇ ಮೊದಲಂತೆ. ಗುಮಾಸ್ತರು ತುಟಿ ಬಿಗಿಹಿಡಿದು ಬರೆದುಕೊಂಡರು, ಆಮೇಲೆ ಮೆಲ್ಲಗೆ, "ಸಬ್ಬಸಿಗಿ ಅಂದ್ರೆ ಏನಮ್ಮಾ?" ಅಂದರು. ಯಾರೂ ಬಿಡಿಸಿ ಹೇಳಲಿಲ್ಲ.

ಹಣವನ್ನು ಅತ್ತೆ ಸೊಂಟದ ಚೀಲಕ್ಕೆ ಹಾಕಿ ಗಂಟು ಬಿಗಿದರು. ಮಾವ ಬಜಾರದ ಕಡೆ ನೋಡಿ, "ಕಾಫಿ ಹೋಟ್ಲಾಗ ಒಂದು ಕಪ್ಪು ಕುಡದು ಬರತೇನಿ, ನೀವು ಗಾಡ್ಯಾಗ ಕುಂದ್ರಿ," ಅಂದರು.

"ನಾವೂ ಬರತೇವಿ," ಅಂದರು ಅತ್ತೆ.

"ಹೆಂಗಸರು ಹೋಟ್ಲಿಗೆ?"

"ಹೆಂಗಸರು ಕಚೇರಿಗೆ ಬಂದ್ರಲ್ಲ. ನಡೀರಿ, ಇವತ್ತು ನಾ ಕುಡಸತೇನಿ."

ಪರದೆ ಹಾಕಿದ ಒಂದು ಮೂಲೆಯಲ್ಲಿ ಕುರ್ಚಿಯ ಮೇಲೆ ಕುಳಿತೆವು. ಅತ್ತೆ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡರು. ಕಾಫಿ ಬಂತು. ಒಂದು ಗುಟುಕು ಕುಡಿದು ಮುಖ ಹುಳ್ಳಗೆ ಮಾಡಿದರು. "ಇದಕ್ಕ ಇಷ್ಟು ಮಂದಿ ಸಾಯ್ತಾರಾ?" ಅಂದರು. ಆದರೂ ರೊಕ್ಕ ಕೊಟ್ಟದ್ದೆಂದು ತಳದವರೆಗೂ ಕುಡಿದರು. ಮಾವನಿಗೆ ಎರಡನೆಯ ಕಪ್ಪು ಬೇಕಾಗಿತ್ತು. ಅದನ್ನೂ ಕೊಡಿಸಿದರು. ನನ್ನ ಗಂಡ ಗಿರಣಿಯಿಂದ ಅದೇ ದಾರಿಯಲ್ಲಿ ಬಂದವರು ಪರದೆಯ ಹಿಂದೆ ತನ್ನ ತಾಯಿಯ ದನಿ ಕೇಳಿ ಹೌಹಾರಿ ನಿಂತರು. ಅವರಿಗೂ ಒಂದು ಕಪ್ಪು ಸಿಕ್ಕಿತು.

ಬತ್ತ ಒಳ್ಳೆಯದಾಗಿಯೇ ಬಂತು. ಎಷ್ಟು ಎಂದು ಅತ್ತೆ ಯಾರಿಗೂ ಸರಿಯಾಗಿ ಹೇಳಲಿಲ್ಲ, ದೃಷ್ಟಿ ತಾಗುತ್ತದೆಂದು. ಆದರೆ ಕಣದಲ್ಲಿ ರಾಶಿಯ ಎತ್ತರ ಎಲ್ಲರಿಗೂ ಕಂಡಿತ್ತು. ಮುಂದಿನ ಬೇಸಿಗೆಯಲ್ಲಿ ಚಾವಡಿಯಲ್ಲಿ ಹೂಂ ಅನ್ನುವವರ ನೂಕುನುಗ್ಗಲಾಯಿತು. ಬಂದವರು ಬೇರೆ ಸಾಹೇಬರು. ನಮ್ಮವರಿಗೆ ಗೋದಾವರಿಯ ಕಡೆಗೆ ವರ್ಗವಾಗಿತ್ತು. ಹೊಸಬರು, ಈ ಸಲ ಬೀಜ ಮಾತ್ರ ಅರ್ಧ ಬೆಲೆಗೆ, ಹಣ ಇಲ್ಲ ಅಂದರು. ಊರವರು ಸರ್ಕಾರವನ್ನು ಬಯ್ದು, ಬಯ್ಯುತ್ತಲೇ ಬೀಜ ಒಯ್ದು ಬಿತ್ತಿದರು.

ಆ ವರ್ಷ ನಾನು ಚೊಚ್ಚಲ ಹೆರಿಗೆಗೆ ಕಂಪ್ಲಿಗೆ ಹೊರಟಾಗ ಅತ್ತೆ ಒಂದು ಚೀಲದಲ್ಲಿ ಸೆಣಬಿನ ಬೀಜ ಕಟ್ಟಿಕೊಟ್ಟರು. "ನಿಮ್ಮಪ್ಪಗ ಕೊಡು. ಹೆಂಗ ತುಳಿಬೇಕಂತ ನೀನ ಹೇಳು."

ಹೇಳಿದೆ. ಹೊಳೆದಂಡೆಯ ಗದ್ದೆಯಲ್ಲಿ ಜೀವಮಾನ ಕಳೆದ ನನ್ನ ಅಪ್ಪ ಪೂರ್ತಿ ಕೇಳಿ, "ನಿಮ್ಮತ್ತೀಗೆ ಸರಕಾರ ರೊಕ್ಕ ಕೊಟ್ಟಿತ್ತು. ನನಗ ಯಾರು ಕೊಡ್ತಾರ?" ಎಂದು ಚೀಲವನ್ನು ಅಟ್ಟದ ಮೇಲಿಟ್ಟ. ಅವ್ವ ಪಕ್ಕದಲ್ಲೇ ಕುಳಿತು ಎಲ್ಲ ಕೇಳಿಸಿಕೊಂಡಿದ್ದಳು. ಅವಳಿಗೆ ತುಳಿಯುವ ಮಾತು ತಲೆಗೆ ಹೋಗಲಿಲ್ಲ, ಪಲ್ಯದ ಮಾತು ಹೋಯಿತು. ನಾನು ಬಾಣಂತಿಯಾಗಿ ಮಲಗಿದ್ದಾಗ ಅಟ್ಟದಿಂದ ಚೀಲ ಇಳಿಸಿ, ಹಿತ್ತಲಿನ ಬಾವಿಯ ಪಕ್ಕ ಒಂದು ಸಾಲು ಬಿತ್ತಿದಳು. ಕೂಸನ್ನು ಎತ್ತಿಕೊಂಡು ಮೊದಲ ಸಲ ಹಿತ್ತಲಿಗೆ ಬಂದಾಗ ನೋಡಿದೆ, ಮೊಗ್ಗು ಕಟ್ಟುತ್ತಿತ್ತು.